ಪ್ರಿಯದರ್ಶಿನಿಯ ಅರಿಶಿನ ಬಣ್ಣದ ಬಟನ್

ನಮ್ಮ ಪ್ರಿಯದರ್ಶಿನಿ ಬಗ್ಗೆ ಬರೀರಿ ಅಂತ ನನ್ನನ್ನ ಯಾರೂ ಕೇಳಿಲ್ಲ. ಕೇಳೋರಾದ್ರೂ ಯಾರು? ಅವಳೇನು ಸಭೆಯಲ್ಲಿ ಹಾರ ಹಾಕಿಸ್ಕೊಂಡವಳಲ್ಲ, ಪೇಪರಿನಲ್ಲಿ ಫೋಟೋ ಬಂದವಳಲ್ಲ. ಇಂದಿರಾನಗರದ ಒಂದು ಪುಟ್ಟ ವೆಬ್‌ಸೈಟ್ ಕಂಪನಿಯಲ್ಲಿ ಫೋನ್ ಎತ್ತೋ ಕೆಲಸಕ್ಕೆ ಸೇರಿದ ಹುಡುಗಿ. ಆದ್ರೆ ಇವತ್ತು ನನ್ನಂಥ ಎಷ್ಟೋ ಜನ ಕಂಪ್ಯೂಟರ್ ಮುಂದೆ ಕೂತು ಕಣ್ಣೀರು ಹಾಕದೆ ಕೆಲಸ ಮಾಡ್ತಿದೀವಿ ಅಂದ್ರೆ ಅದಕ್ಕೆ ಅವಳೇ ಕಾರಣ. ಯಾರಾದ್ರೂ ಹೇಳಬೇಕಲ್ಲ, ನಾನೇ ಹೇಳ್ತೀನಿ.

ನಾನು ಅಲಮೇಲು. ಇನ್ಶೂರೆನ್ಸ್ ಆಫೀಸಿನಲ್ಲಿದ್ದು ರಿಟೈರ್ ಆದವಳು, ಮನೆ ವಿಮಾನಪುರದಲ್ಲಿ. ನಮ್ಮ ಯಜಮಾನ್ರು ಕೃಷ್ಣಸ್ವಾಮಿ, ವಿಮಾನದ ಕಾರ್ಖಾನೆಯಲ್ಲಿ ಇದ್ದವರು. ನನಗೆ ಕೋಪ ಮೂಗಿನ ತುದಿಯಲ್ಲೇ ಅಂತ ಮದುವೆಯಾದ ವರ್ಷದಿಂದ ಹೇಳ್ತಾನೇ ಬಂದಿದಾರೆ. ಇದ್ರೆ ಏನೀಗ? ಕೋಪ ಇಲ್ಲದವರ ಕೈಲಿ ಯಾವ ಕೆಲಸ ಆಗಿದೆ?

ರಿಟೈರ್ ಆದಮೇಲೆ ಸುಮ್ಮನೆ ಕೂರೋ ಜಾಯಮಾನ ನನ್ನದಲ್ಲ. ಯಾರ ಮನೇಲಿ ಹೆಣ್ಣಿದೆ, ಯಾರ ಮನೇಲಿ ಗಂಡಿದೆ ಅನ್ನೋದು ಆಫೀಸಿನಲ್ಲಿದ್ದಾಗಲೂ ನನ್ನ ಬಾಯಲ್ಲೇ ಇರ್ತಿತ್ತು. ಅದನ್ನೇ ಸ್ವಲ್ಪ ಓರಣವಾಗಿ ಮಾಡೋಣ ಅಂತ, ನಮ್ಮ ಕಡೆಯವರ ಮಕ್ಕಳಿಗೆ ಸಂಬಂಧ ನೋಡೋ ಒಂದು ಕೇಂದ್ರ ಶುರು ಮಾಡಿದೆ. ಕೇಂದ್ರ ಅಂದ್ರೆ ನಮ್ಮ ಮನೆ ಹಾಲ್, ಒಂದು ಫೋನು, ನಾನು. ಅದು ಬೆಳೀತು ನೋಡಿ, ತಡ್ಕೊಳ್ಳೋಕೆ ಆಗಲಿಲ್ಲ. ಎರಡು ಸಾವಿರದ ಆರರಲ್ಲಿ ಯಾರೋ "ಆಂಟೀ, ವೆಬ್‌ಸೈಟ್ ಮಾಡಿಸ್ಬಿಡಿ" ಅಂದ್ರು. ಮಾಡಿಸ್ಬಿಟ್ಟೆ.

ಮಾಡಿಕೊಟ್ಟವನು ಅಭಿನವ್, ಇಂದಿರಾನಗರದಲ್ಲಿ ಕಂಪನಿ ಇಟ್ಟುಕೊಂಡಿದ್ದ ಹುಡುಗ. ಒಳ್ಳೆಯವನೇ, ಆದ್ರೆ ಮಾತಾಡಿದ್ರೆ ರೈಲು ಹೋದ ಹಾಗೆ. ಸೈಟ್ ಹೊರಗಿಂದ ಬಲು ಚೆಂದ, ಬಿಳಿ ಬಣ್ಣ, ಮೂಲೆಯಲ್ಲಿ ಮಾವಿನೆಲೆ. ಒಳಗಡೆ, ನಾನು ಹೆಸರು ಸೇರಿಸೋದಕ್ಕೆ, ತೆಗೆಯೋದಕ್ಕೆ ಬೇರೆ ಒಂದು ಪುಟ. ಅದಕ್ಕೆ ಡ್ಯಾಶ್‌ಬೋರ್ಡ್ ಅಂತ ಹೆಸರಂತೆ. ಅಬ್ಬಬ್ಬಾ! ಎಡಗಡೆ ಮೇಲಿಂದ ಕೆಳಗಿನ ತನಕ ಬರೀ ಬಟನ್ನು. ಪ್ಲಗಿನ್, ಮಾಡ್ಯೂಲ್, ಕ್ಯಾಶ್. ಆ ಕ್ಯಾಶ್ ದುಡ್ಡಿನ ಕ್ಯಾಶೂ ಅಲ್ವಂತೆ. ನಮ್ಮ ಯಜಮಾನ್ರು ಕನ್ನಡಕ ಏರಿಸಿ ನೋಡಿ, "ನಾವು ಕಟ್ಟಿದ ವಿಮಾನದಲ್ಲೂ ಇಷ್ಟು ಸ್ವಿಚ್ ಇರಲಿಲ್ಲ ಕಣೇ" ಅಂದ್ರು.

ಹೆಸರು ಸೇರಿಸೋದು ಹೇಗೋ ಕಲಿತೆ. ತೆಗೆಯೋದು ಆಗಲಿಲ್ಲ. ಬರದೆ ಅಲ್ಲ, ಬರ್ತಿತ್ತು. ಹುಡುಗಿಗೆ ಮದುವೆ ಆಯ್ತು ಅಂದ್ರೆ ಅವಳ ಹೆಸರಿನ ಪಕ್ಕ ಇರೋ ಕಸದಬುಟ್ಟಿ ಒತ್ತಬೇಕು. ಒತ್ತಿದ್ರೆ ಒಂದು ಚೌಕ ಬರುತ್ತೆ: ಇಂಥಾ ಹುಡುಗಿಯನ್ನ ಪರ್ಮನೆಂಟಾಗಿ ಡಿಲೀಟ್ ಮಾಡಬೇಕೆ? ಕೆಳಗೆ ಕೆಂಪು ಬಣ್ಣದಲ್ಲಿ ಎಸ್. ಮೇಲೆ ಆ ಮಗು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಗ್ತಿರೋ ಫೋಟೋ. ಈಗ ತಾನೇ ತಾಳಿ ಕಟ್ಟಿಸ್ಕೊಂಡ ಹೆಣ್ಣುಮಗಳನ್ನ ಕಸದಬುಟ್ಟಿಗೆ ಹಾಕಿ, ಪರ್ಮನೆಂಟಾಗಿ ಅಳಿಸು ಅಂತ ನನ್ನ ಕೈಯಾರೆ ಒತ್ತೋದಾ? ದೀಪ ಆರಿಸು ಅಂತ ಕೂಡ ಬಾಯಲ್ಲಿ ಹೇಳದೆ, ದೀಪ ದೊಡ್ಡದು ಮಾಡು ಅಂತ ಹೇಳ್ತಾ ಬೆಳೆದವಳು ನಾನು. ನನ್ನ ಬೆರಳೇ ಏಳ್ತಿರಲಿಲ್ಲ.

ಯಾರ ಹತ್ರ ಹೇಳ್ಕೊಳ್ಳಲಿ? ಅಭಿನವ್‌ಗೆ ಹೇಳಿದ್ರೆ ನಗ್ತಾನೆ. ಅದಕ್ಕೆ ಫೋನ್ ಮಾಡಿ "ನಿಮ್ಮ ಡಿಲೀಟ್ ಕೆಲಸ ಮಾಡ್ತಿಲ್ಲ" ಅಂತಿದ್ದೆ. ಅವರು ಅಲ್ಲಿಂದ ನೋಡಿ "ಮಾಡ್ತಿದೆಯಲ್ಲ ಆಂಟೀ" ಅಂತಿದ್ರು. ನಾನು ರೇಗ್ತಿದ್ದೆ. ಹೀಗಾಗಿ ಮದುವೆಯಾದವರೂ ಆಗದವರೂ ಎಲ್ಲ ಸೈಟಿನಲ್ಲಿ ಒಟ್ಟಿಗೇ. ಒಬ್ಬಳಿಗಂತೂ ಅವಳ ಮಗುವಿನ ನಾಮಕರಣದ ದಿನ ಜಾತಕ ಕೇಳ್ಕೊಂಡು ಫೋನ್ ಬಂತಂತೆ. ಅವಳು ನಕ್ಕಳು, ಬದುಕಿದೆ.

ಆಶ್ರಿತಾ ವಿಷಯದಲ್ಲಿ ಯಾರೂ ನಗಲಿಲ್ಲ.

ಆಶ್ರಿತಾ ನಮ್ಮ ಪಕ್ಕದ ಮನೆ ಹುಡುಗಿ. ನಾನು ಎತ್ತಿ ಆಡಿಸಿದ ಮಗು. ಎರಡು ಸಾವಿರದ ಏಳರ ಬೇಸಿಗೆಯಲ್ಲಿ ರಿಚರ್ಡ್ಸ್ ಟೌನಿನ ಶಿಶಿರ್ ಜೊತೆ ಮದುವೆ ಮಾಡಿಸಿದವಳೂ ನಾನೇ. ಅವನ ತಾಯಿ ಅಂಬುಜವಲ್ಲಿ, ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನ ಸಾಕಿದವರು. ಶಿಸ್ತು ಅಂದ್ರೆ ಶಿಸ್ತು. ಆಷಾಢ ಬಂತು. ಹೊಸ ಸೊಸೆ ಅತ್ತೆ ಮನೇಲಿ ಇರಬಾರದಲ್ಲ, ಪದ್ಧತಿ ಪ್ರಕಾರ ಆಶ್ರಿತಾ ತವರಿಗೆ ಬಂದಳು. ಶ್ರಾವಣ ಶುರುವಾದಾಗ ಅತ್ತೆ ಮನೆಯವರು ಬಂದು ಕರ್ಕೊಂಡು ಹೋಗಬೇಕು.

ಅವಳು ಮನೆಗೆ ಬಂದ ಮಾರನೇ ವಾರ ನನಗೆ ನೆನಪಾಯ್ತು, ಅಯ್ಯೋ, ಇವಳ ಹೆಸರು ಇನ್ನೂ ಸೈಟಲ್ಲಿದೆ! ಅಳಿಸೋಕಂತೂ ಕೈ ಬರಲ್ಲ. ಕೊನೇ ಪುಟಕ್ಕೆ ತಳ್ಳಿಬಿಡೋಣ, ಯಾರ ಕಣ್ಣಿಗೂ ಬೀಳಲ್ಲ ಅಂತ ಅದೇನೋ ತೆರೆದು, ಅದೇನೋ ನಂಬರ್ ಬದಲಾಯಿಸಿ, ಅಪ್‌ಡೇಟ್ ಅಂತ ಒತ್ತಿದೆ. ಎಂಥಾ ಜಾಣತನ ನೋಡಿ! ಅದು ಹೋಗಿ ಮೊದಲನೇ ಪುಟದಲ್ಲಿ, ಎಲ್ಲರಿಗಿಂತ ಮೇಲೆ ಕೂತ್ಕೊಳ್ತು. ಪಕ್ಕದಲ್ಲಿ ಅವತ್ತಿನ ತಾರೀಖು, "ಹೊಸದು" ಅಂತ ಮಿಣಮಿಣ ಮಿಂಚೋ ಕೆಂಪು ಚೀಟಿ. ನಾನು ನೋಡಲೇ ಇಲ್ಲ, ಕಂಪ್ಯೂಟರ್ ಮುಚ್ಚಿ ಸಾರು ಒಗ್ಗರಣೆಗೆ ಹೋದೆ.

ನೋಡಿದ್ದು ಅಂಬುಜವಲ್ಲಿ ಅವರ ನಾದಿನಿ. ಆಕೆ ಮಗನಿಗೆ ಹೆಣ್ಣು ಹುಡುಕ್ತಿದ್ರು.

ಅವರ ಕಡೆಯಿಂದ ಯೋಚಿಸಿ. ಆಷಾಢಕ್ಕೆ ಅಂತ ಸೊಸೆಯನ್ನ ತವರಿಗೆ ಕಳಿಸಿದಾರೆ. ಒಂದೇ ವಾರದಲ್ಲಿ ಅವಳ ಫೋಟೋ, "ಹೊಸದು" ಅಂತ, ವರ ಬೇಕಾಗಿದ್ದಾನೆ ಅಂತ. ಯಾರಾದ್ರೂ ಏನಂದ್ಕೋಬೇಕು? ಅಂಬುಜವಲ್ಲಿ ಕೂಗಾಡಲಿಲ್ಲ, ಜಗಳ ಆಡಲಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನಾಗಿಬಿಟ್ರು. ಶ್ರಾವಣ ಬಂತು, ಕರೆಯೋಕೆ ಯಾರೂ ಬರಲಿಲ್ಲ. ಆಶ್ರಿತಾ ಅಪ್ಪ ಫೋನ್ ಮಾಡಿದ್ರೆ "ನಿಮಗೇ ಗೊತ್ತಲ್ಲ" ಅಂತ ಇಟ್ಟುಬಿಟ್ರಂತೆ. ಶಿಶಿರ್ ಆಫೀಸಿಂದ ಕದ್ದು ಫೋನ್ ಮಾಡಿ ವಿಷಯ ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ಒಳ್ಳೇ ಹುಡುಗ, ಆದ್ರೆ ಅಮ್ಮನ ಎದುರು ಬಾಯಿ ಬಿಡಲ್ಲ.

ಮುಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮದುವೆಯಾದ ಮೊದಲನೇ ವರ್ಷ, ಸೊಸೆ ಅತ್ತೆ ಮನೇಲಿ ಕಳಶದ ಮುಂದೆ ಇಲ್ಲ ಅಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಒಡೆದದ್ದು ಕೂಡಲ್ಲ. ಆ ಹುಡುಗಿ ದಿನಾ ಸಂಜೆ ತಲೆ ಬಾಚಿ, ಸೀರೆ ಉಟ್ಕೊಂಡು ಗೇಟಿನ ಹತ್ರ ನಿಂತಿರ್ತಿದ್ದಳು. ನೋಡಿದ್ರೆ ನನ್ನ ಮೇಲೆ ನನಗೇ ಕೋಪ ಬರ್ತಿತ್ತು. ಆ ಕೋಪ ಯಾರ ಮೇಲೆ ತೀರಿಸ್ಕೊಳ್ಳಲಿ, ಅಭಿನವ್‌ಗೆ ಫೋನ್ ಮಾಡಿ ಬೆಂಡೆತ್ತಿಬಿಟ್ಟೆ. ಅವನು ಹೆದರಿ ಪ್ರಿಯದರ್ಶಿನಿಯನ್ನ ಕಳಿಸಿದ.

ಬಂದಳು ನೋಡಿ. ಸಣ್ಣಕ್ಕೆ, ಕಪ್ಪಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ರಾಯಚೂರು ಕಡೆಯವಳು. ಅಪ್ಪ ಅಮೃತಪ್ಪ, ಅಮ್ಮ ಅಯ್ಯಮ್ಮ, ಕಟ್ಟಡದ ಕೆಲಸಕ್ಕೆ ಅಂತ ಇಲ್ಲಿಗೆ ಬಂದವರು. ಈಗ ಅಪ್ಪ ಒಂದು ಕಾರ್ಖಾನೆ ಗೇಟಿನಲ್ಲಿ ಕಾವಲು, ಅಮ್ಮ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆಗೆ. ಗರುಡಾಚಾರ್‌ಪಾಳ್ಯದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಆ ಕೋಣೆಯಲ್ಲೇ ಕೂತು ಓದಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿ ಕೆಲಸ ಹಿಡಿದಿದ್ದಳು. ಇದೆಲ್ಲ ಅವಳು ಆಮೇಲೆ ಹೇಳಿದ್ದು. ಅವತ್ತು ನಾನು ಬಾಗಿಲಲ್ಲೇ, "ಡಿಲೀಟ್ ಮಾಡೋದು ಹೇಳಿಕೊಡೋಕೆ ಬಂದಿದ್ರೆ ಹಾಗೇ ತಿರುಗಿ ಹೋಗು. ನನಗೆ ಬರುತ್ತೆ" ಅಂದೆ.

"ಹೇಳಿಕೊಡಾಕ ಬಂದಿಲ್ರಿ ಅಮ್ಮಾರ. ನೀವು ಮಾಡ್ರಿ, ನಾ ನೋಡ್ತೀನಿ" ಅಂದಳು.

ಇದು ಅವಳ ಪದ್ಧತಿ. ಕಂಪ್ಯೂಟರ್ ಕಲಿಸೋಕೆ ಬಂದವರೆಲ್ಲ ನಮ್ಮ ಕೈಯಿಂದ ಮೌಸ್ ಕಿತ್ಕೊಂಡು ಟಕಟಕ ಅಂತ ತಾವೇ ಮಾಡಿ, "ಗೊತ್ತಾಯ್ತಾ ಆಂಟೀ?" ಅಂತಾರೆ. ಏನು ಗೊತ್ತಾಗುತ್ತೆ, ಮಣ್ಣು! ಇವಳು ಹಾಗಲ್ಲ. ಒಂದು ಸ್ಟೂಲ್ ಎಳ್ಕೊಂಡು ಪಕ್ಕದಲ್ಲಿ ಕೂತು ನಮ್ಮ ಕೈ ನೋಡ್ತಾಳೆ, ಸ್ಕ್ರೀನ್ ಅಲ್ಲ. ಕೈ ಎಲ್ಲಿ ತಡೀತೋ ಅಲ್ಲಿ ಕೇಳ್ತಾಳೆ, ಯಾಕ ನಿಂತ್ರಿ ಅಂತ. ಶಿವಾಜಿನಗರದಲ್ಲಿ ಲಗ್ನಪತ್ರಿಕೆ ಛಾಪಿಸೋ ಕಲೀಮುಲ್ಲಾ ಸಾಹೇಬರ ಅಂಗಡಿಯಲ್ಲೂ ಹೀಗೇ ಬೆಳಗಿಂದ ಮಧ್ಯಾಹ್ನದ ತನಕ ಕೂತಿದ್ದಳಂತೆ. ಅವರಿಗೆ ಬೇಕಾಗಿದ್ದು ಹೊಸ ಕಾರ್ಡಿನ ಫೋಟೋ ಹಾಕೋದು, ಹಳೇದು ತೆಗೆಯೋದು, ಅಷ್ಟೇ. ಮಿಕ್ಕ ಬಟನ್ನೆಲ್ಲ ಅವರ ಕಣ್ಣಿಗೆ ಕಾಣದ ಹಾಗೆ ಬಚ್ಚಿಟ್ಟು ಬಂದಳು. ಈಗ ಅವರು ಯಾರಿಗೂ ಫೋನ್ ಮಾಡಲ್ಲ. "ಬಹುತ್ ಆರಾಮ್ ಬೇಟೀ" ಅಂತ ಅವಳಿಗೆ ಚಾ ಕುಡಿಸಿ ಕಳಿಸ್ತಾರೆ.

"ಎಲ್ಲಿ ಕಲಿತೆಯೇ ಇದನ್ನ?" ಅಂತ ಒಮ್ಮೆ ಕೇಳಿದೆ. ಅವಳ ಅಮ್ಮ ಅಯ್ಯಮ್ಮನಿಗೆ ಓದೋಕೆ ಬರಲ್ಲ. ಅಡುಗೆಗೆ ಹೋಗೋ ಮನೆ ಎಂಟನೇ ಮಹಡಿಯಲ್ಲಿ. ಲಿಫ್ಟ್ ಒಳಗೆ ಹೋದ್ರೆ ಅಷ್ಟೊಂದು ಬಟನ್ನು, ಯಾವುದು ಒತ್ತೋದು ಅಂತ ಹೆದರಿ ಆಯಮ್ಮ ದಿನಾ ಮೆಟ್ಟಿಲು ಹತ್ತುತ್ತಿದ್ದಳು. ಮಂಡಿ ನೋವು ಅಂತ ಯಾಕೆ ಅಳ್ತಾಳೆ ಅಂತ ಮಗಳು ಒಂದು ದಿನ ಹಿಂದೆಯೇ ಹೋಗಿ ನೋಡಿದಳು. ಮಾರನೇ ದಿನ ತನ್ನ ಉಗುರುಬಣ್ಣದ ಸೀಸೆ ತಂದು ಎಂಟನೇ ಬಟನ್ ಮೇಲೆ ಒಂದು ಗುಲಾಬಿ ಚುಕ್ಕೆ ಇಟ್ಟಳು. ವಾಚ್‌ಮನ್ ಬೈದನಂತೆ, ಬೈಸ್ಕೊಂಡಳಂತೆ. "ನಮ್ಮವ್ವ ದಡ್ಡಿ ಅಲ್ರಿ. ಆ ಬಟನ್ನಿಗೆ ಮಾತು ಬರತಿದ್ದಿಲ್ಲ" ಅಂದಳು. ಆ ಮಾತು ಕೇಳಿದಾಗಿಂದ ಅವಳು ನನ್ನ ಮಗಳೇ ಆಗಿಬಿಟ್ಟಳು.

ಸರಿ, ಅವತ್ತು ಕೂತೆ. ಆ ಡ್ಯಾಶ್‌ಬೋರ್ಡ್ ತೆರೆದೆ. ಮದುವೆಯಾದ ಬೇರೆ ಒಬ್ಬ ಹುಡುಗಿಯ ಹೆಸರಿಗೆ ಹೋದೆ, ಕಸದಬುಟ್ಟಿ ಒತ್ತಿದೆ, ಚೌಕ ಬಂತು. ನನ್ನ ಕೈ ಮೌಸ್ ಬಿಟ್ಟು ತಾನಾಗೇ ಮಡಿಲಿಗೆ ಬಂತು.

"ಯಾಕ ನಿಂತ್ರಿ?"

ಅವಳು ನನ್ನ ಮುಖ ನೋಡಿದಳು, ಆ ಫೋಟೋ ನೋಡಿದಳು, ಕೆಂಪು ಅಕ್ಷರ ಓದಿದಳು. ಆಮೇಲೆ ಮೆಲ್ಲಗೆ, "ಇದು ಹೆಂಗ ಒತ್ತಾಕ ಬರತದ್ರಿ ಅಮ್ಮಾರ? ನಾ ಆದ್ರೂ ಒತ್ತಂಗಿಲ್ಲ" ಅಂದಳು. ಅಷ್ಟು ದಿನ ಯಾರ ಹತ್ರಾನೂ ಹೇಳದೆ ಇಟ್ಕೊಂಡಿದ್ದೆನಲ್ಲ, ಅಲ್ಲೇ ಅತ್ತುಬಿಟ್ಟೆ. ಆಶ್ರಿತಾ ಕಥೆ ಎಲ್ಲಾ ಹೇಳಿದೆ. ಅವಳು ನಮ್ಮ ಕಿಟಕಿಯಿಂದ ಪಕ್ಕದ ಗೇಟಿನ ಕಡೆ ನೋಡಿ, "ಅಕೀನೇನ್ರಿ?" ಅಂತ ಕೇಳಿದಳು. ಹೂಂ ಅಂದೆ.

ಎರಡೇ ದಿನದಲ್ಲಿ ಅವಳು ಹೊಸ ಬೋರ್ಡ್ ಮಾಡಿಕೊಂಡು ಬಂದಳು. ಅಲ್ಲಿ ಇರೋದು ಇಷ್ಟೇ: ಹೆಣ್ಣು ಸೇರಿಸಿ, ಗಂಡು ಸೇರಿಸಿ, ತಿದ್ದಿ. ಮತ್ತೆ ಪ್ರತಿ ಹೆಸರಿನ ಪಕ್ಕ, ಕಸದಬುಟ್ಟಿ ಇದ್ದ ಜಾಗದಲ್ಲಿ, ಅರಿಶಿನ ಬಣ್ಣದ ಒಂದು ಬಟನ್. "ಮದುವೆ ಆಯ್ತು." ಒತ್ತಿದ್ರೆ ಒಂದೇ ಪ್ರಶ್ನೆ, ಯಾರ ಜೊತೆ ಅಂತ. ಹೆಸರು ಬರೆದ್ರೆ ಹುಡುಗಿ ಆ ಪುಟದಿಂದ ಹೋಗಿ "ಮದುವೆಯಾದವರು" ಅನ್ನೋ ಪುಟದಲ್ಲಿ ಗಂಡನ ಹೆಸರಿನ ಜೊತೆ ಸೇರ್ತಾಳೆ. ಆಗಿನ ಕಂಪ್ಯೂಟರಿನಲ್ಲಿ ಕನ್ನಡ ಅಂದ್ರೆ ಬರೀ ಚೌಕ ಚೌಕ ಕಾಣ್ತಿತ್ತು. ಅದಕ್ಕೆ ಅಕ್ಷರಗಳನ್ನ ಚಿತ್ರ ಮಾಡಿ ಅಂಟಿಸಿದ್ದಳು. ಅಭಿನವ್ "ಯಾರನ್ನ ಕೇಳಿ ಮಾಡಿದೆ ಇದನ್ನ? ಒಬ್ಬೊಬ್ಬ ಕ್ಲೈಂಟ್‌ಗೆ ಒಂದೊಂದು ಬೋರ್ಡ್ ಮಾಡ್ತಾ ಹೋದ್ರೆ ಕಂಪನಿ ನಡೆಯುತ್ತಾ?" ಅಂತ ಹಾರಾಡಿದ. ಈಗ ಬರೋ ಕ್ಲೈಂಟಿಗೆಲ್ಲ ಅವಳನ್ನೇ ಮೊದಲು ಕಳಿಸ್ತಾನೆ, ಆ ಮಾತು ಬೇರೆ.

ಆದ್ರೆ ಆಶ್ರಿತಾ ಹೆಸರಿಗೆ ಮಾತ್ರ ನಾವಿಬ್ಬರೂ ಕೈ ಹಚ್ಚಲಿಲ್ಲ. ಈಗ ತೆಗೆದ್ರೆ, ಸಿಕ್ಕಿಬಿದ್ವಿ ಅಂತ ತೆಗೆದ ಹಾಗಾಗುತ್ತೆ. "ಅವರ ಮನಿಗೆ ಹೋಗೂಣ್ರಿ" ಅಂದಳು ಪ್ರಿಯದರ್ಶಿನಿ. ಹಬ್ಬದ ಹಿಂದಿನ ಭಾನುವಾರ ಆಟೋ ಹತ್ತಿ ರಿಚರ್ಡ್ಸ್ ಟೌನಿಗೆ ಹೋದ್ವಿ. ದಾರಿಯುದ್ದಕ್ಕೂ ನಾನು ದೇವರ ನಾಮ ಹೇಳ್ತಿದ್ದೆ, ಅವಳು ಚೀಲ ತಬ್ಬಿಕೊಂಡು ಕೂತಿದ್ದಳು.

ಅಂಬುಜವಲ್ಲಿ ಬಾಗಿಲು ತೆಗೆದ್ರು, ಕೂರಿಸಿದ್ರು, ಕಾಫಿ ಕೊಟ್ಟರು. ಮುಖ ಮಾತ್ರ ಕಲ್ಲು. ಶಿಶಿರ್ ಅಮ್ಮನ ಕುರ್ಚಿ ಹಿಂದೆ ನಿಂತಿದ್ದ. ನಾನು ಎಲ್ಲಾ ಬಿಚ್ಚಿ ಹೇಳಿದೆ. ಹುಡುಗಿ ತಪ್ಪಿಲ್ಲ, ಅವಳ ಅಪ್ಪ ಅಮ್ಮನ ತಪ್ಪಿಲ್ಲ, ಆ ಡಿಲೀಟ್ ಒತ್ತೋಕೆ ನನ್ನ ಕೈ ಬರಲಿಲ್ಲ, ಏನೋ ಮಾಡೋಕೆ ಹೋಗಿ ಏನೋ ಆಯ್ತು, ಆ ಮಗು ದಿನಾ ಸಂಜೆ ಗೇಟಿನ ಹತ್ರ ನಿಂತು ನಿಮ್ಮ ದಾರಿ ನೋಡ್ತಿದೆ ಅಂತ.

"ಅಲಮೇಲು ಅವರೇ, ಇಷ್ಟು ವರ್ಷ ಆಫೀಸಿನಲ್ಲಿ ಕೆಲಸ ಮಾಡಿದೋರು ನೀವು" ಅಂದ್ರು ಆಕೆ. "ಒಂದು ಬಟನ್ ಒತ್ತೋಕೆ ಕೈ ಬರಲಿಲ್ಲ ಅಂದ್ರೆ ನಾನು ನಂಬಬೇಕಾ? ಆ ಹುಡುಗಿ ಈ ಮನೆಗೆ ಬಂದಮೇಲೆ ನಾನು ನಕ್ಕಿದೀನಿ, ಎಷ್ಟೋ ವರ್ಷ ಆದಮೇಲೆ. ನಮ್ಮಲ್ಲಿ ಏನು ಕೊರತೆ ಕಂಡ್ರಿ ಅಂತ ಅವರಪ್ಪನ್ನ ಕೇಳೋಣ ಅಂತಿದ್ದೆ. ನಾಲಗೆ ಏಳಲಿಲ್ಲ."

ಹಾಲಿನ ಮೂಲೆಯಲ್ಲಿ ಶಿಶಿರನ ಕಂಪ್ಯೂಟರ್ ಇತ್ತು. ಪ್ರಿಯದರ್ಶಿನಿ ಅವನನ್ನ ಕೇಳಿ ಸೈಟಿನ ಹಳೇ ಬೋರ್ಡನ್ನೇ ತೆರೆದಳು. ಅದನ್ನ ಅವಳು ಪೂರ್ತಿ ಕಿತ್ತುಹಾಕಿರಲಿಲ್ಲ. ಆಶ್ರಿತಾ ಹೆಸರಿನ ಪಕ್ಕ ಕಸದಬುಟ್ಟಿ ತೋರಿಸಿ, "ಇದ ನೋಡ್ರಿ ಅಮ್ಮಾರ, ಇದನ್ನ ಒತ್ತಬೇಕಾಗಿತ್ತು" ಅಂದಳು.

"ಇಷ್ಟೇನಾ? ಸರಿ, ಏಳಮ್ಮ. ನಾನೇ ಒತ್ತುತೀನಿ, ಅದೇನು ಅಂಥಾ ಕಷ್ಟ ನೋಡೇಬಿಡೋಣ."

ಪ್ರಿಯದರ್ಶಿನಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಈಯಮ್ಮ ಒತ್ತಿಬಿಟ್ರೆ ಮುಗೀತಲ್ಲ, ನಾನು ಹೇಳಿದ್ದೆಲ್ಲ ಸುಳ್ಳಾಯ್ತಲ್ಲ! ಅಂಬುಜವಲ್ಲಿ ಕನ್ನಡಕ ಹಾಕ್ಕೊಂಡು ಕಸದಬುಟ್ಟಿ ಒತ್ತಿದ್ರು. ಚೌಕ ಬಂತು. ಅವರು ಒಂದೊಂದೇ ಇಂಗ್ಲಿಷ್ ಪದ ಕೂಡಿಸಿ ಓದಿದ್ರು. ಆಶ್ರಿತಾಳನ್ನ ಪರ್ಮನೆಂಟಾಗಿ ಡಿಲೀಟ್ ಮಾಡಬೇಕೆ? ಮತ್ತೆ ವಾಪಸ್ ತರೋಕೆ ಆಗಲ್ಲ. ಮೇಲೆ ಆ ಮಗು ನಗ್ತಿತ್ತು. ಬೆರಳು ಮೌಸಿನ ಮೇಲೆ ಇತ್ತು. ಹಾಗೇ ಇತ್ತು.

ಶಿಶಿರ್ ಹಿಂದಿನಿಂದ, "ಎಸ್ ಒತ್ತಮ್ಮ, ಹೋಗಿಬಿಡುತ್ತೆ" ಅಂದ.

"ಏನೋ ಹೋಗೋದು? ಥೂ, ಬಿಡ್ತು ಅನ್ನೋ!" ಅಂತ ಅಂಬುಜವಲ್ಲಿ ಬೆಂಕಿ ತಗುಲಿದ ಹಾಗೆ ಕೈ ಹಿಂದೆ ತಗೊಂಡ್ರು. "ಬಾಳಿ ಬದುಕಬೇಕಾದ ಮಗುನ ಅಳಿಸು ಅಂತಾರೇನೋ? ನಮ್ಮನೆ ಸೊಸೆ ಕಣೋ ಅವಳು!"

ಅಂದಮೇಲೆ ತಾವೇ ಬಾಯಿ ಮೇಲೆ ಕೈ ಇಟ್ಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಹೀಗೇ ಆಯ್ತೇನ್ರೀ?" ಅಂತ ಕೇಳಿದ್ರು. ಧ್ವನಿ ಬೇರೆ ಥರಾನೇ ಇತ್ತು.

"ಹೀಗೇ ಆಯ್ತು" ಅಂದೆ. ಇಬ್ಬರ ಕಣ್ಣಲ್ಲೂ ನೀರು.

ಪ್ರಿಯದರ್ಶಿನಿ ಹಳೇದು ಮುಚ್ಚಿ ಹೊಸ ಬೋರ್ಡ್ ತೆರೆದಳು. ಅರಿಶಿನ ಬಣ್ಣದ ಬಟನ್ ನೋಡಿ ಅಂಬುಜವಲ್ಲಿ ಏನೂ ಕೇಳಲಿಲ್ಲ, ಒತ್ತಿದ್ರು. ಯಾರ ಜೊತೆ ಅಂತ ಬಂತು. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಮಗನ ಹೆಸರು ಬರೆದ್ರು. ಅವನು ಸಹಾಯಕ್ಕೆ ಬಗ್ಗಿದ್ರೆ ಮೊಣಕೈಲಿ ತಳ್ಳಿದ್ರು. ಪುಟ ಬದಲಾಯ್ತು. ಆಶ್ರಿತಾ, ಶಿಶಿರ್, ಪಕ್ಕಪಕ್ಕದಲ್ಲಿ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಎದ್ದು ನಿಂತ್ರು.

"ಶಿಶಿರಾ, ಕಾರ್ ತೆಗಿ."

"ಈಗಲಾ? ರಾಹುಕಾಲ ಶುರುವಾಗಿದೆ ಕಣಮ್ಮ."

"ಆಗಲಿ ಬಿಡೋ. ನನ್ನ ಸೊಸೆ ಅಲ್ಲಿ ಗೇಟಿನ ಹತ್ರ ನಿಂತಿದಾಳಂತೆ!"

ವಿಮಾನಪುರ ತಲುಪಿದಾಗ ಆಶ್ರಿತಾ ಹೊರಗಡೆ ಮೆಟ್ಟಿಲ ಮೇಲೆ ಹೂ ಕಟ್ಟುತ್ತಾ ಕೂತಿದ್ದಳು. ಕಾರು ನೋಡಿ ಎದ್ದಳು, ಹೂವೆಲ್ಲ ನೆಲಕ್ಕೆ ಬಿತ್ತು. ಅಂಬುಜವಲ್ಲಿ ಇಳಿದು ಸರಸರ ಹೋಗಿ, "ಕರೆಯೋಕೆ ಬಂದಿದೀನಿ ಕಣೇ. ತಡ ಮಾಡಿಬಿಟ್ಟೆ" ಅಂದ್ರು. ಆ ಹುಡುಗಿ ಅತ್ತೆಯ ಹೆಗಲ ಮೇಲೆ ತಲೆ ಇಟ್ಟು ಬಿಕ್ಕಿದಳು. ಅಂಬುಜವಲ್ಲಿ ಅವಳ ಬೆನ್ನು ಸವರ್ತಾ ನಿಂತಿದ್ರು.

ನಾನು ಕಾರಿನ ಕಡೆ ತಿರುಗಿದೆ. ಪ್ರಿಯದರ್ಶಿನಿ ಹಿಂದಿನ ಸೀಟಿನಿಂದ ಇಳಿದೇ ಇರಲಿಲ್ಲ. ದುಪಟ್ಟಾ ಬಾಯಿಗೆ ಒತ್ತಿಕೊಂಡು ಅಳ್ತಿದ್ದಳು.

"ನೀನ್ಯಾಕೆ ಅಳ್ತೀಯೇ, ಹುಚ್ಚಿ?"

"ನಂಗ ಗೊತ್ತಿಲ್ರಿ ಅಮ್ಮಾರ. ನಾ ಒಂದು ಬಟನ್ ಮಾಡೀನಿ, ಅಷ್ಟ."

"ಹೂಂ ಕಣೇ, ಅಷ್ಟೇ" ಅಂದೆ. ಅವಳ ಕೈ ಹಿಡಿದು ಕಾರಿಂದ ಇಳಿಸಿ, ಆಶ್ರಿತಾ ಮನೆಯೊಳಗೆ ನನ್ನ ಜೊತೆ ಕರ್ಕೊಂಡು ಹೋದೆ.